ಅಪ್ಪನ ಕಣ್ಣಿನ ಮೇಲೆ ಕಟ್ಟಿದ ಪಣ

ನನ್ನ ಗಂಡನಿಗೂ ನನ್ನ ಅಪ್ಪನಿಗೂ ಇಪ್ಪತ್ತು ವರ್ಷಗಳಿಂದ ಒಂದೇ ಜಗಳ. ಪಣ ಕಟ್ಟುವುದಾದರೆ ಮನುಷ್ಯನ ಮೇಲೆ ಕಟ್ಟಬೇಕೋ, ಪ್ರಾಣಿಯ ಮೇಲೆ ಕಟ್ಟಬೇಕೋ? ಹಬ್ಬಕ್ಕೆ ಸೇರಿದರೂ ಇದೇ ಮಾತು, ತಿಥಿಗೆ ಸೇರಿದರೂ ಇದೇ ಮಾತು. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಇಬ್ಬರ ದನಿಯೂ ಏರಿರುತ್ತದೆ. ನಾನು ಸೊರಬದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಹಾಗಾಗಿ ತೀರ್ಪಿಗೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ಗಣಿತದವಳು ಪಕ್ಷಪಾತ ಮಾಡುವುದಿಲ್ಲ ಎಂದು ಅವರ ನಂಬಿಕೆ. ನನ್ನ ಬಗ್ಗೆ ನನಗೂ ಅದೇ ನಂಬಿಕೆ ಇತ್ತು, ಹೋದ ವರ್ಷದವರೆಗೆ.

ನಮ್ಮ ಮನೆಯವರದು ಸೊರಬವೇ. ಅಡಿಕೆ ಮಂಡಿಯೊಂದರಲ್ಲಿ ತೂಕದ ಉಸ್ತುವಾರಿ. ಕ್ರಿಕೆಟ್ ಶುರುವಾದರೆ ಸಂಜೆ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ನಾಲ್ಕು ಜನ ಗೆಳೆಯರ ಜೊತೆ ಕುಳಿತು ಪಂದ್ಯ ನೋಡುತ್ತಾರೆ. ಯಾರು ಸೋಲುತ್ತಾರೋ ಅವರು ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಬೇಕು. ನಡುವೆ ಒಂದು ವರ್ಷ ಫೋನಿನಲ್ಲಿ ಏನೋ ಆ್ಯಪ್ ಹಾಕಿಕೊಂಡು, ಊಟದ ತಟ್ಟೆಯ ಮುಂದೆಯೂ ಹೆಬ್ಬೆರಳು ಆಡಿಸುತ್ತಿದ್ದರು. ಒಂದು ಭಾನುವಾರ ಅವರು ಸ್ನಾನಕ್ಕೆ ಹೋದಾಗ ನಾನೇ ಅದನ್ನು ಅಳಿಸಿಹಾಕಿದೆ. ಆಮೇಲೆ ಸರ್ಕಾರವೂ ಅಂಥ ಆ್ಯಪ್‌ಗಳನ್ನು ಮುಚ್ಚಿಸಿತು. ಸರ್ಕಾರ ನನ್ನನ್ನು ನೋಡಿ ಕಲಿಯಿತು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಓಡಾಡಿದ್ದೇನೆ.

ಅಪ್ಪನದು ಶಿಕಾರಿಪುರ ತಾಲೂಕು, ತೊಗರ್ಸಿಯ ಕಡೆಯ ಹಳ್ಳಿ. ಭತ್ತ ಬೆಳೆಯುತ್ತಾನೆ, ಆದರೆ ಅವನ ಜೀವ ಇರುವುದು ಹೋರಿಗಳಲ್ಲಿ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಓಡಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿ, ಎರಡೂ ಕಡೆ ಜನ ತುಂಬಿದ ಓಣಿಯಲ್ಲಿ ಒಂದೊಂದೇ ಹೋರಿ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕೀಳಲು ನೋಡುತ್ತಾರೆ. ಯಾರ ಕೈಗೂ ಕೊಬ್ಬರಿ ಸಿಗದಂತೆ ಪಾರಾದ ಹೋರಿ ಗೆದ್ದ ಹಾಗೆ. ಅಪ್ಪ ಮತ್ತು ಅವನ ಓರಗೆಯವರು ಇದಕ್ಕೆ ಪಣ ಕಟ್ಟುವುದು ಹುಲ್ಲಿನಲ್ಲಿ. ಸೋತವನು ಗೆದ್ದವನ ಹಿತ್ತಲಿಗೆ ಒಂದು ಗಾಡಿ ಒಣಹುಲ್ಲು ಹೊಡೆಯಬೇಕು. ನಾನು ಮದುವೆಯಾಗಿ ಬರುವ ತನಕ ನಮ್ಮ ಮನೆಯ ದನಗಳು ಊರಿನವರ ಹುಲ್ಲು ತಿಂದೇ ಬೆಳೆದವು.

ಅಪ್ಪನ ಗೆಲುವಿಗೆ ಕಾರಣ ಅವನ ಕಣ್ಣು. ಯಾರು ಕರು ಕೊಳ್ಳಲು ಹೊರಟರೂ ಅವನನ್ನು ಗಾಡಿ ಹತ್ತಿಸಿಕೊಂಡು ಹೋಗುತ್ತಿದ್ದರು. ಅವನು ಕರುವಿನ ಸುತ್ತ ಒಂದು ಸುತ್ತು ಬಂದು, ಮೈಮೇಲಿನ ಕೂದಲ ಸುಳಿ ನೋಡಿ, ಕಾಲು ನೋಡಿ, ಹೂಂ ಅಂದರೆ ವ್ಯಾಪಾರ, ಇಲ್ಲವಾದರೆ ಎಲ್ಲರೂ ಚಹಾ ಕುಡಿದು ವಾಪಸ್. ಹೀಗೆ ನೋಡಿಕೊಟ್ಟಿದ್ದಕ್ಕೆ ಒಂದು ಪೈಸೆ ಮುಟ್ಟಿದವನಲ್ಲ. ಆದರೆ ಕರೆಯದಿದ್ದರೆ ಮಾತ್ರ ವರ್ಷಗಟ್ಟಲೆ ಸಿಟ್ಟು.

ಇನ್ನು ಆ ಜಗಳ. ಅಪ್ಪನ ವಾದ ಇಷ್ಟೇ: "ಮನ್ಷ್ಯಾ ಸೋಲಬೇಕು ಅಂತ ಮನಸ್ಸು ಮಾಡಿದ್ರ ಸೋಲ್ತಾನ. ದನ ಹಂಗ ಮಾಡಾದಿಲ್ಲ." ಟಿವಿಯಲ್ಲಿ ಮಾತ್ರ ಕಂಡವನ ಮೇಲೆ, ಅವನು ನಿನ್ನೆ ನಿದ್ದೆ ಮಾಡಿದ್ದಾನೋ ಇಲ್ಲವೋ ತಿಳಿಯದೆ ಪಣ ಕಟ್ಟುವುದು ಹುಚ್ಚು ಎಂದು ಅವನ ಅಭಿಪ್ರಾಯ. ಪ್ರಾಣಿಯಾದರೆ ಎದುರಿಗೆ ನಿಂತಿರುತ್ತದೆ, ಬಾಯಿ ತೆರೆದು ಹಲ್ಲು ನೋಡಬಹುದು.

ನಮ್ಮ ಮನೆಯವರು ಬಿಡುವವರಲ್ಲ. "ಎಂತ ಮಾವ, ಪ್ರಾಣಿಗೆ ಗೆಲ್ಲಬೇಕು ಅಂತಾದ್ರೂ ಗೊತ್ತಿರತ್ತಾ?" ಎಂದು ಕೇಳುತ್ತಾರೆ. ಆಟಗಾರನಿಗೆ ಹೆಸರಿನ ಆಸೆ ಇದೆ, ನಾಚಿಕೆ ಇದೆ, ನಿನ್ನೆ ಕೆಟ್ಟದಾಗಿ ಆಡಿದ್ದಕ್ಕೆ ಇವತ್ತು ಹಲ್ಲು ಕಚ್ಚಿ ಆಡುತ್ತಾನೆ. ಹೋರಿಗಾಗಲಿ ಕುದುರೆಗಾಗಲಿ ನಿನ್ನೆ ಎಂಬುದೇ ಇಲ್ಲವಲ್ಲ ಎಂದು ಅವರ ಪ್ರಶ್ನೆ. ಅಪ್ಪ ಅದುವರೆಗೆ ಕುದುರೆ ರೇಸನ್ನು ಕಂಡವನೇ ಅಲ್ಲ. ಆದರೂ ಕುದುರೆಯ ಪರವಾಗಿ ವಕೀಲನಂತೆ ಎದ್ದು ನಿಲ್ಲುತ್ತಿದ್ದ. ಕುದುರೆಗೆ ಕಟ್ಟಿದರೆ ಸರ್ಕಾರ ತೆರಿಗೆ ತೆಗೆದುಕೊಂಡು ರಸೀದಿ ಕೊಡುತ್ತದೆ, ಕ್ರಿಕೆಟ್ಟಿಗೆ ಕಟ್ಟಿದರೆ ಪೊಲೀಸರು ಬರುತ್ತಾರೆ. ಯಾವುದು ಮರ್ಯಾದಸ್ತರ ಆಟ ಎಂದು ಇದರಲ್ಲೇ ಗೊತ್ತಾಗುವುದಿಲ್ಲವೇ ಎನ್ನುತ್ತಿದ್ದ.

ನಾನು ತೀರ್ಪುಗಾರ್ತಿಯ ಗತ್ತಿನಲ್ಲಿ ಲೆಕ್ಕ ಬಿಡಿಸಿ ಹೇಳುತ್ತಿದ್ದೆ. ಕ್ರಿಕೆಟ್ಟಿನಲ್ಲಿ ಎರಡೇ ತಂಡ, ಒಂದು ಸೋತರೆ ಇನ್ನೊಂದು ಗೆದ್ದಿತು. ಕುದುರೆಗಳು ಎಂಟೋ ಹತ್ತೋ ಇರುತ್ತವೆ, ಗೆಲ್ಲುವುದು ಒಂದು. ಆದ್ದರಿಂದ ರೇಸಿಗೆ ಹೋಗುವವನು ಮೊದಲು ಸೋಲುವುದನ್ನು ಕಲಿತಿರಬೇಕು. ಪಂದ್ಯಕ್ಕೆ ಕಟ್ಟಿದವನಿಗೆ ಕಡೆಯ ಓವರಿನ ತನಕ ಆಸೆ ಇರುತ್ತದೆ, ನಡುವೆ ಮನಸ್ಸು ಬದಲಿಸುವ ಚಟವೂ ಅಂಟುತ್ತದೆ. ಕುದುರೆಯದು ಒಂದೂವರೆ ನಿಮಿಷ, ಉಗುಳು ನುಂಗುವಷ್ಟರಲ್ಲಿ ಮುಗಿಯಿತು. ಇನ್ನೊಂದು ವ್ಯತ್ಯಾಸ ಇವರಿಬ್ಬರಿಗೂ ಹಿಡಿಸುತ್ತಿರಲಿಲ್ಲ. ಪಂದ್ಯದಲ್ಲಿ ಒಂದಕ್ಕೆ ಎಷ್ಟು ಕೊಡುತ್ತೇನೆ ಎಂದು ಎದುರಿನವನು ಮೊದಲೇ ಹೇಳಿಬಿಡುತ್ತಾನೆ. ರೇಸಿನ ಕೌಂಟರಿನಲ್ಲಿ ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದು, ತೆರಿಗೆ ಮತ್ತು ಮೈದಾನದವರ ಪಾಲು ಕಳೆದು, ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಊರೆಲ್ಲ ಮೆಚ್ಚಿದ ಕುದುರೆ ಗೆದ್ದರೆ ಚಹಾದ ಕಾಸೂ ಗಿಟ್ಟುವುದಿಲ್ಲ. ಅಲ್ಲಿ ನೀವು ಕಟ್ಟುತ್ತಿರುವುದು ನಿಜವಾಗಿ ಪಕ್ಕದಲ್ಲಿ ನಿಂತ ಜನರ ಬುದ್ಧಿಯ ವಿರುದ್ಧ. ಇಷ್ಟು ಹೇಳುವಷ್ಟರಲ್ಲಿ ಇಬ್ಬರೂ ಕೈತೊಳೆಯಲು ಎದ್ದಿರುತ್ತಿದ್ದರು.

ಈ ತಮಾಷೆಯ ನಡುವೆ ಅಪ್ಪನ ಕಣ್ಣು ಮಂಜಾಗತೊಡಗಿತ್ತು. ಅವನು ಯಾರಿಗೂ ಹೇಳಲಿಲ್ಲ. ನನಗೆ ಮೊದಲ ಅನುಮಾನ ಬಂದದ್ದು ತಂತಿಯ ಮೇಲೆ ಒಣಹಾಕಿದ್ದ ಕರಿ ಕಂಬಳಿಯನ್ನು ನೋಡಿ ಯಾರದಿದು ಎಮ್ಮೆ, ಬಿಟ್ಟುಕೊಂಡು ಕೂತಾರಲ್ಲ ಎಂದು ಕೋಲು ಹಿಡಿದು ಅವನು ಅಟ್ಟಲು ಹೋದ ದಿನ. ಕೇಳಿದರೆ ಬಿಸಿಲು ಕಣ್ಣಿಗೆ ಹೊಡೆಯಿತು ಎಂದ. ಆ ದಿನ ಬಿಸಿಲೇ ಇರಲಿಲ್ಲ.

ಆಮೇಲೆ ಒಂದು ದಿನ ಪಕ್ಕದ ಹೊಲದ ಯಜಮಾನರು ನನ್ನನ್ನು ಬೇಲಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು. ಅಪ್ಪ ನೋಡಿ ಹೂಂ ಅಂದಿದ್ದ ಕರುವನ್ನು ಅವರು ಕೊಂಡಿದ್ದರು. ಮನೆಗೆ ತಂದು ಮೈ ತೊಳೆದರೆ ಹಿಂಗಾಲಿನಲ್ಲಿ ಹಳೆಯ ಗಾಯದ ಗಂಟು. ಎರಡು ಮಾರು ದೂರದಿಂದ ಕಾಣುವಂಥದ್ದು. ಅಪ್ಪನಿಗೆ ಹೇಳಿದರೆ ಅವನು ಆ ನೋವಿನಲ್ಲೇ ಹಾಸಿಗೆ ಹಿಡಿದಾನು ಎಂದು ಅವರು ಸುಮ್ಮನಿದ್ದರು. ನನ್ನನ್ನೂ ಸುಮ್ಮನಿರಲು ಹೇಳಿದರು. ನಾನು ಅಲ್ಲೇ ನಿಂತು ಅತ್ತೆ.

ಶಿಕಾರಿಪುರದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನು ಬೇರೆ ಕೂರಿಸಿಕೊಂಡು ಹೇಳಿದರು. ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ, ಅದನ್ನು ಯಾವಾಗಲಾದರೂ ತೆಗೆಯಬಹುದು. ಆದರೆ ಬಲಗಣ್ಣಿನಲ್ಲಿ ಒತ್ತಡವೂ ಇದೆ. ತಡ ಮಾಡಿದಷ್ಟೂ ಒಳಗಿನ ನರ ಸಾಯುತ್ತಾ ಹೋಗುತ್ತದೆ, ಹೋದ ಬೆಳಕು ಮತ್ತೆ ಬರುವುದಿಲ್ಲ. ಬೆಂಗಳೂರಿಗೇ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಅಪ್ಪ ಒಪ್ಪಬೇಕಲ್ಲ. ಮೂರು ಸಲ ತಾರೀಖು ತೆಗೆದುಕೊಂಡೆ, ಮೂರು ಸಲವೂ ತಪ್ಪಿಸಿದ. ಮೊದಲನೆಯ ಸಲ ನಾಟಿ. ಎರಡನೆಯ ಸಲ ಅಂಬ್ಲಿಗೊಳ ಜಲಾಶಯದಿಂದ ನಾಲೆಗೆ ನೀರು ಬಿಡುತ್ತಾರೆ, ತಾನಿಲ್ಲದಿದ್ದರೆ ಮೇಲಿನ ಗದ್ದೆಯವರು ತಿರುಗಿಸಿಕೊಳ್ಳುತ್ತಾರೆ ಎಂಬ ನೆಪ. ಮೂರನೆಯ ಸಲ ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ನನ್ನ ಕಣ್ಣಿಗೆ ಏನಾಗಿದೆ, ಊರಿನಲ್ಲಿ ನನ್ನಷ್ಟು ಕಾಣುವವನನ್ನು ತೋರಿಸು ಎಂದು ನನ್ನ ಮೇಲೇ ತಿರುಗಿಬಿದ್ದ. ನಾನೂ ಅವನ ಮಗಳೇ. ಇಬ್ಬರೂ ಒಂದು ವಾರ ಫೋನ್ ಮಾಡಲಿಲ್ಲ.

ದಾರಿ ತೋರಿಸಿದವರು ನಮ್ಮ ಮನೆಯವರು. ಪುಣ್ಯಾತ್ಮರು ನೇರವಾಗಿ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ಮಾವನನ್ನು ಕೆಣಕಿದರು. ಇಪ್ಪತ್ತು ವರ್ಷದಿಂದ ಬಾಯಲ್ಲೇ ಕುದುರೆ ಓಡಿಸುತ್ತಿದ್ದೀರಿ, ಬನ್ನಿ ಬೆಂಗಳೂರಿಗೆ, ನಿಜವಾದ ಕುದುರೆ ತೋರಿಸುತ್ತೇನೆ. ಮೂರು ರೇಸು ನೋಡೋಣ. ಮೂರರಲ್ಲಿ ಒಂದನ್ನಾದರೂ ನೀವು ಸರಿಯಾಗಿ ಆರಿಸಿದರೆ ನಿಮ್ಮ ಕಣ್ಣು ಸರಿ ಇದೆ ಎಂದರ್ಥ, ಆಸ್ಪತ್ರೆಯ ಮಾತನ್ನು ನಾವು ಇನ್ನು ಎತ್ತುವುದಿಲ್ಲ. ಮೂರೂ ತಪ್ಪಿದರೆ ಮರುದಿನವೇ ಆಸ್ಪತ್ರೆಗೆ ಸೇರಬೇಕು. ಅಪ್ಪ ಒಂದು ಗಳಿಗೆಯೂ ಯೋಚಿಸದೆ ಕೈಮೇಲೆ ಕೈ ಹಾಕಿದನಂತೆ. ಮಗಳೂ ಮಾತು ಕೊಡಬೇಕು ಎಂದು ಅಲ್ಲಿಂದಲೇ ನನಗೆ ಫೋನ್ ಮಾಡಿಸಿದ. ನಾನೂ ಕೊಟ್ಟೆ.

ಕೊಡುವ ಮೊದಲು ಲೆಕ್ಕ ಹಾಕಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ರೇಸಿಗೆ ಹತ್ತು ಕುದುರೆ ಎಂದುಕೊಂಡರೆ, ಕಣ್ಣು ಮುಚ್ಚಿ ಬೆರಳಿಟ್ಟವನು ಮೂರರಲ್ಲಿ ಒಂದಾದರೂ ಗೆಲ್ಲುವ ಸಾಧ್ಯತೆ ನೂರಕ್ಕೆ ಇಪ್ಪತ್ತೇಳು. ಉಳಿದ ಎಪ್ಪತ್ತಮೂರು ಆಸ್ಪತ್ರೆಯ ಪರ. ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡುವಾಗ ಇಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಶನಿವಾರ ಹೊರಟೆವು. ಭಾನುವಾರ ಮಧ್ಯಾಹ್ನ ರೇಸಿನ ಮೈದಾನ. ಅಪ್ಪ ಬಿಳಿ ಪಂಚೆ, ಬಿಳಿ ಟೋಪಿ, ಹೆಗಲಿಗೆ ಹೊಸ ಟವೆಲು ಹಾಕಿ ಹೆಣ್ಣು ನೋಡಲು ಹೊರಟವನಂತೆ ತಯಾರಾಗಿದ್ದ. ಅಲ್ಲಿ ಕಂಡವರಲ್ಲಿ ಮುಕ್ಕಾಲು ಪಾಲು ವಯಸ್ಸಾದ ಗಂಡಸರು, ಎಲ್ಲರ ಕೈಯಲ್ಲೂ ಸಣ್ಣ ಪುಸ್ತಕ, ಪೆನ್ನು. ಯಾವ ಕುದುರೆ ಹಿಂದೆ ಎಲ್ಲಿ ಓಡಿತು, ಯಾರು ಸವಾರ, ಬೆನ್ನಮೇಲೆ ಎಷ್ಟು ತೂಕ ಹೊರುತ್ತದೆ ಎಂದೆಲ್ಲ ಅದರಲ್ಲಿದೆ. ಪರೀಕ್ಷೆಯ ಹಿಂದಿನ ಗಂಟೆ ಬೆಂಚಿನ ಮೇಲೆ ಕುಳಿತು ಗೈಡು ತಿರುವಿ ಹಾಕುವ ನನ್ನ ಹತ್ತನೇ ತರಗತಿಯ ಮಕ್ಕಳು ನೆನಪಾದರು. ನಮ್ಮ ಮನೆಯವರು ಪುಸ್ತಕ ಕೊಂಡರು. ಅಪ್ಪ ಮುಟ್ಟಲಿಲ್ಲ.

ಪ್ರತಿ ರೇಸಿಗೂ ಮೊದಲು ಕುದುರೆಗಳನ್ನು ಒಂದು ಅಂಗಳದಲ್ಲಿ ಸುತ್ತು ನಡೆಸುತ್ತಾರೆ. ಬೆನ್ನಿನ ಬಟ್ಟೆಯ ಮೇಲೆ ದೊಡ್ಡದಾಗಿ ನಂಬರು. ಜನ ಕಟಕಟೆಗೆ ಆನಿಕೊಂಡು ನೋಡಬಹುದು. ಈ ಅಂಗಳ ಕಂಡು ಅಪ್ಪ ಅಳಿಯನ ಭುಜ ತಟ್ಟಿದ. ನಿಮ್ಮ ಕ್ರಿಕೆಟ್ಟಿನವರು ಆಟಕ್ಕೆ ಮೊದಲು ಹೀಗೆ ಎದುರಿಗೆ ತಂದು ತಿರುಗಿಸಿ ತೋರಿಸುತ್ತಾರೇನು ಎಂದ. ಅವರು ತಲೆ ಕೆರೆದುಕೊಂಡರು. ಆ ಒಂದು ಅಂಶ ಅಪ್ಪನಿಗೇ ಕೊಡಬೇಕಾಯಿತು.

ಮೊದಲನೆಯ ರೇಸಿನಲ್ಲಿ ಅವನು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ಅಂಗಳದಲ್ಲಿ ಒಂದು ಕರಿ ಕುದುರೆ ಕುಣಿಯುತ್ತಿತ್ತು. ಹಿಂಗಾಲು ಝಾಡಿಸುತ್ತಿತ್ತು, ಕೆನೆಯುತ್ತಿತ್ತು, ಹಿಡಿದವನನ್ನು ಎಳೆದಾಡಿಸುತ್ತಿತ್ತು, ಕುತ್ತಿಗೆಯಲ್ಲೆಲ್ಲ ಬೆವರಿನ ನೊರೆ. ಅಪ್ಪ ಅದರ ಗದ್ದಲ ಕೇಳಿದ್ದೇ ತಡ, ಇದೇ ಎಂದುಬಿಟ್ಟ. ಹೋರಿಯ ಲೆಕ್ಕದಲ್ಲಿ ಅದು ಸರಿ. ಓಣಿಯಲ್ಲಿ ಜನ ಹೆದರಿ ದಾರಿ ಬಿಡಬೇಕಾದರೆ ಹೋರಿ ಹೀಗೇ ಬುಸುಗುಡುತ್ತಿರಬೇಕು, ಹತ್ತಿರ ಬಂದವನನ್ನು ಒದೆಯಬೇಕು. ಆದರೆ ಇಲ್ಲಿ ಕೊಬ್ಬರಿ ಕೀಳುವವರು ಯಾರೂ ಇಲ್ಲವಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕನಿಕರದಿಂದ ಹೇಳಿದರು, ಅದು ಅರ್ಧ ರೇಸನ್ನು ಇಲ್ಲೇ ಓಡಿಬಿಟ್ಟಿದೆ ಎಂದು. ಅವರು ಹೇಳಿದಂತೆಯೇ ಆಯಿತು. ಗೇಟು ತೆರೆದದ್ದೇ ಕರಿ ಕುದುರೆ ನುಗ್ಗಿತು, ತಿರುವಿನಲ್ಲಿ ಉಳಿದವನ್ನೆಲ್ಲ ಬಿಟ್ಟು ಹೊರಗಿನ ಬೇಲಿಯ ಕಡೆ ಹೋಯಿತು, ಕೊನೆಗೆ ಎಲ್ಲಕ್ಕಿಂತ ಹಿಂದೆ ಬಂತು. ಯಾರ ಕೈಗೂ ಸಿಗಲಿಲ್ಲ ನೋಡಿ, ನಮ್ಮ ಊರಲ್ಲಾಗಿದ್ದರೆ ಇದೇ ಗೆಲ್ಲುತ್ತಿತ್ತು ಎಂದು ನಮ್ಮ ಮನೆಯವರು ಸಮಾಧಾನ ಮಾಡಿದರು.

ಎರಡನೆಯ ರೇಸಿನಲ್ಲಿ ಅಪ್ಪ ಗಂಭೀರನಾದ. ಕಟಕಟೆಗೆ ಎದೆ ಆನಿಸಿ, ಟೋಪಿ ಹಿಂದೆ ಸರಿಸಿ, ಒಂದೊಂದನ್ನೇ ನೋಡುವವನಂತೆ ಕತ್ತು ತಿರುಗಿಸಿದ. ಕೊನೆಗೆ ಒಂದು ಕಂದು ಕುದುರೆಯ ಕಡೆ ಬೆರಳು ಮಾಡಿ, ಅದರ ಹಣೆಯ ಸುಳಿ ನೋಡು, ರಾಜಸುಳಿ, ಇಂಥದ್ದು ಲಕ್ಷಕ್ಕೊಂದು ಎಂದ. ನಾನು ನೋಡಿದೆ. ಆ ಕುದುರೆಯ ತಲೆಗೆ ಪೂರ್ತಿ ನೀಲಿ ಬಟ್ಟೆಯ ಮುಸುಕು ಹಾಕಿದ್ದರು, ಅಕ್ಕಪಕ್ಕ ನೋಡಿ ಬೆದರದಿರಲಿ ಎಂದು. ಹಣೆ ಎಂಬುದೇ ಕಾಣುತ್ತಿರಲಿಲ್ಲ. ನಮ್ಮ ಮನೆಯವರಿಗೆ ನಗು ಬಂದು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಕಣ್ಣೆದುರು ಹತ್ತು ಅಡಿಯಲ್ಲಿ ಹೋದ ನೀಲಿ ಮುಸುಕು ಅಪ್ಪನಿಗೆ ಕಾಣಲಿಲ್ಲ, ಕಂಡಿತೆಂದು ನಮಗೆ ತೋರಿಸಲು ಅವನು ಸುಳಿ ಹುಟ್ಟಿಸಿಕೊಂಡಿದ್ದ. ಕಂದು ಕುದುರೆ ಆರನೆಯದಾಗಿ ಬಂತು.

ಮೂರನೆಯ ರೇಸಿಗೆ ಆರೇ ಕುದುರೆ ಎಂದು ಪುಸ್ತಕದಲ್ಲಿತ್ತು. ನನ್ನ ಲೆಕ್ಕ ಸ್ವಲ್ಪ ಕೆಟ್ಟಿತು. ಆದರೂ ಆರರಲ್ಲಿ ಒಂದು, ಹೆದರುವಂಥದ್ದಲ್ಲ ಎಂದುಕೊಂಡೆ.

ಈ ಸಲ ಅಪ್ಪ ಮುಂದಿನ ಕಟಕಟೆಗೆ ಬರಲಿಲ್ಲ. ಕುದುರೆಗಳು ಅಂಗಳಕ್ಕೆ ಬರುವ ದಾರಿಯಲ್ಲಿ ಕಲ್ಲು ಹಾಸಿದ ಒಂದು ತುಂಡು ನೆಲವಿತ್ತು. ಅದರ ಪಕ್ಕ ಹೋಗಿ ನಿಂತ. ಕಣ್ಣು ಮುಚ್ಚಿಕೊಂಡ. ಕುದುರೆಗಳು ನಂಬರಿನ ಕ್ರಮದಲ್ಲಿ ಬರುತ್ತಿರಲಿಲ್ಲ. ಮೊದಲು ಬಂದದ್ದು ಟಕ್ ಟಕ್ ಎಂದು ಹೋಯಿತು. ಎರಡನೆಯದು ಹೋಯಿತು. ಮೂರನೆಯದು ಹೋಗುವಾಗ ತುಟಿ ಓರೆ ಮಾಡಿ, ಒಂದು ಕಾಲು ಅಂಜಿ ಇಡ್ತೈತಿ ಎಂದು ಗೊಣಗಿದ. ನಾಲ್ಕನೆಯದು ಹೋದಾಗ ಉಸಿರು ಹಿಡಿದು ನಿಂತ. ಆ ಮುಖ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ದನದ ಪೇಟೆಯಲ್ಲಿ ಅವನು ಹೂಂ ಅನ್ನುವ ಮೊದಲು ಆ ಮುಖ ಬರುತ್ತಿತ್ತು. ಇಡೀ ಮಧ್ಯಾಹ್ನ ಅವನು ನಟಿಸಿದ್ದ, ಈಗ ನಟಿಸುತ್ತಿರಲಿಲ್ಲ.

"ಈಗ ಹೋತಲ್ಲ, ಅದರ ನಂಬರ್ ಎಷ್ಟವಾ?" ಎಂದು ಕೇಳಿದ.

ಬೆನ್ನಿನ ಬಟ್ಟೆಯ ಮೇಲೆ ಅಂಗೈಯಗಲ ಐದು ಎಂದು ಬರೆದಿತ್ತು. ಅದು ಗೆಲ್ಲುತ್ತದೆ ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು. ಗೆದ್ದರೆ ನಾನು ಕೊಟ್ಟ ಮಾತಿನಂತೆ ಆಸ್ಪತ್ರೆ ಎಂಬ ಶಬ್ದವನ್ನೇ ಎತ್ತುವಂತಿಲ್ಲ, ಮತ್ತು ಆ ಬಲಗಣ್ಣು ದಿನದಿನವೂ ಆರುತ್ತಾ ಹೋಗುತ್ತದೆ. ನನ್ನ ಎಪ್ಪತ್ತಮೂರು, ಇಪ್ಪತ್ತೇಳು ಎಲ್ಲ ಎಲ್ಲೋ ಹಾರಿಹೋಯಿತು.

"ಎರಡು," ಎಂದೆ.

ಅಪ್ಪ ತಲೆಯಾಡಿಸಿ, ಎರಡಕ್ಕೆ ಕಟ್ಟು ಎಂದ. ನಮ್ಮ ಮನೆಯವರು ನನ್ನ ಮುಖ ನೋಡಿದರು, ಕುದುರೆಯ ಬೆನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಮದುವೆಯಾದಂದಿನಿಂದ ಅವರು ಒಂದು ಮಾತನ್ನು ಬಾಯಿಗೆ ಬಂದಮೇಲೆ ನುಂಗಿದ್ದು ಅದೊಂದೇ ಸಲ. ಇಬ್ಬರೂ ಕೌಂಟರಿಗೆ ಹೋದೆವು. ನಾನು ಎರಡನೇ ನಂಬರಿಗೆ ಟಿಕೆಟ್ ಕೇಳಿದೆ. ನನ್ನ ಹಿಂದೆ ನಿಂತಿದ್ದ ಅವರು ದನಿ ತಗ್ಗಿಸಿ ಐದನೇ ನಂಬರಿಗೆ ಒಂದು ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ದುರುಗುಟ್ಟಿ ನೋಡಿದೆ. ಮಾವನ ಮೇಲೆ ಗೌರವ ಎಂದರು.

ಆ ರೇಸನ್ನು ನಾನು ಸರಿಯಾಗಿ ನೋಡಿದೆ ಎಂದು ಹೇಳಲಾರೆ. ದೂರದಲ್ಲಿ ಬಣ್ಣಬಣ್ಣದ ಅಂಗಿಗಳು ಒಂದು ಗುಂಪಾಗಿ ಸರಿದವು, ತಿರುವು ದಾಟಿದವು, ಜನ ಎದ್ದು ನಿಂತರು. ಎರಡನೇ ನಂಬರು ಮುಂದಿತ್ತು. ದೇವರೇ, ನನ್ನ ಸುಳ್ಳೇ ನಿಜವಾಗಿ, ಎರಡನೆಯದೇ ಗೆದ್ದರೆ ಏನು ಗತಿ ಎಂದು ಬೆವರಿದೆ. ಕಡೆಯ ನೂರು ಗಜದಲ್ಲಿ ಒಳಬೇಲಿಯ ಪಕ್ಕದಿಂದ ಐದು ಬಂತು. ಯಾವ ಅವಸರವೂ ಇಲ್ಲದೆ, ಅಂಗಡಿಗೆ ಹೊರಟಂತೆ, ಎರಡನ್ನು ದಾಟಿ ಹೋಯಿತು. ನಮ್ಮ ಮನೆಯವರು ಗಾಳಿಯಲ್ಲಿ ಎತ್ತಿದ ಕೈಯನ್ನು ನಡುವೆಯೇ ತಡೆದು, ಅದರಿಂದ ಬೆನ್ನು ಕೆರೆದುಕೊಂಡರು. ಅವರ ಮುಖದಲ್ಲಿ ಖುಷಿಗೆ ಹೊರಗೆ ಬರಲು ಜಾಗ ಸಿಗದೆ ಕಿವಿ ಕೆಂಪಾಗಿತ್ತು.

ಅಪ್ಪ ಕುದುರೆ ಓಡುವ ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದ, ಆದರೆ ಕುದುರೆಗಳು ಗುರಿ ದಾಟಿ ಹೋದ ಮೇಲೂ ಅವು ಬರಬೇಕಾದ ತಿರುವಿನ ಕಡೆಯೇ ನೋಡುತ್ತಿದ್ದ. ಮೈಕಿನಲ್ಲಿ ನಂಬರ್ ಐದು ಎಂದು ಕೂಗಿದರು.

ನಮ್ಮದು ಎರಡಲ್ಲವೇ ಎಂದು ಕೇಳಿದ. ಹೌದು, ಎರಡು ಎಂದೆ.

ನಾವು ಅಂಗಳದ ಕಡೆ ವಾಪಸ್ ಬಂದಾಗ ಗೆದ್ದ ಕುದುರೆಯನ್ನು ನಮ್ಮ ಮುಂದೆಯೇ, ಆ ಕಲ್ಲು ಹಾಸಿನ ಮೇಲೆ ನಡೆಸಿಕೊಂಡು ಹೋದರು. ಅಪ್ಪ ಟೋಪಿ ತೆಗೆದು ತಲೆ ಕೆಳಗೆ ಹಾಕಿ ನಿಂತ. ಕುದುರೆ ಮರೆಯಾಗುವ ತನಕ ಹಾಗೆಯೇ ನಿಂತಿದ್ದು, ಆಮೇಲೆ ಟೋಪಿ ಹಾಕಿಕೊಂಡು, ನಾಳೆ ಎಷ್ಟು ಗಂಟೆಗೆ ಹೋಗಬೇಕು ಆಸ್ಪತ್ರೆಗೆ ಎಂದು ಕೇಳಿದ. ಒಂಬತ್ತಕ್ಕೆ ಎಂದೆ. ಸರಿ ಎಂದ. ನಮ್ಮ ಮನೆಯವರು ಮೂತ್ರಕ್ಕೆ ಹೋಗಿ ಬರುತ್ತೇನೆ ಎಂದು ಹೋದವರು ಕೌಂಟರಿನ ಕಡೆಯಿಂದ ಬಂದರು. ಐದಕ್ಕೆ ಹೆಚ್ಚು ಜನ ಕಟ್ಟಿರಲಿಲ್ಲವಂತೆ. ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಂದು, ಕ್ರಿಕೆಟ್ಟಿನಲ್ಲಿ ನೀನು ಮಾಡಿದ್ದಕ್ಕೆ ಫಿಕ್ಸಿಂಗ್ ಅನ್ನುತ್ತಾರೆ, ಜೀವನಪೂರ್ತಿ ಆಟದಿಂದ ಹೊರಗಿಡುತ್ತಾರೆ ಎಂದರು. ಫಿಕ್ಸಿಂಗ್ ಗೊತ್ತಿದ್ದೂ ದುಡ್ಡು ಹೊಡೆದವರಿಗೆ ಏನನ್ನುತ್ತಾರೆ ಎಂದು ನಾನು ಕೇಳಿದೆ.

ಸೋಮವಾರ ಪರೀಕ್ಷೆ, ಮಂಗಳವಾರ ಬಲಗಣ್ಣಿನ ಆಪರೇಷನ್. ಪೊರೆ ತೆಗೆದರು, ಒತ್ತಡಕ್ಕೂ ದಾರಿ ಮಾಡಿದರು. ಒಳಗೆ ಹೋಗುವ ಮುಂಚೆ ಅಪ್ಪ ನರ್ಸನ್ನು ಕರೆದು ಯಾವ ಊರು, ಮನೆಯಲ್ಲಿ ದನ ಇವೆಯೇ ಎಂದು ವಿಚಾರಿಸಿದ. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಗೋಡೆಯ ಮೇಲೆ ಹಾಕಿದ್ದ ಕಣ್ಣಿನ ಚಿತ್ರ ನೋಡುತ್ತಾ, ಹೆತ್ತ ತಂದೆಗೆ ಮೋಸ ಮಾಡಿದವಳು ಮಕ್ಕಳಿಗೆ ಏನು ಪಾಠ ಹೇಳಿಯಾಳು ಎಂದು ಒಮ್ಮೆ, ಮಾಡಿದ್ದು ಒಳ್ಳೆಯದೇ ಆಯಿತು ಎಂದು ಇನ್ನೊಮ್ಮೆ ಮನಸ್ಸು ಹೊಯ್ದಾಡಿತು. ಎರಡೂ ಸರಿ ಎಂದೇ ಅನ್ನಿಸುತ್ತಿತ್ತು. ಹೀಗೆ ಎರಡು ಉತ್ತರ ಬಂದರೆ ನಾನು ಮಕ್ಕಳ ಪುಸ್ತಕದಲ್ಲಿ ಕೆಂಪು ಗೀಟು ಹಾಕುತ್ತೇನೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ದೀಪ ಹಿಡಿದು ನೋಡಿ, ಸಮಯಕ್ಕೆ ಬಂದಿರಿ, ಇನ್ನು ಆರು ತಿಂಗಳು ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಗೋಡೆಯ ಅಕ್ಷರಗಳನ್ನು ಅಪ್ಪ ಸಣ್ಣ ಸಾಲಿನವರೆಗೆ ಓದಿದ. ನಮ್ಮ ಮನೆಯವರು ಕಪ್ಪು ಕನ್ನಡಕ ಕೊಂಡು ತರಲು ಕೆಳಗೆ ಹೋದರು. ಯಾವ ದುಡ್ಡಿನಲ್ಲಿ ಎಂದು ನಾನು ಕೇಳಲಿಲ್ಲ.

ನಾವಿಬ್ಬರೇ ಉಳಿದೆವು. ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು ಎಂದು ಕೇಳಿದ. ನಾಲ್ಕು ವರ್ಷವಾಯಿತು ಎಂದೆ. ಅವನು ಕೈ ಚಾಚಿ ನನ್ನ ಬೈತಲೆಯ ಹತ್ತಿರ ಮುಟ್ಟಿ ನೋಡಿದ. ನನಗೆ ತಡೆಯಲಾಗಲಿಲ್ಲ.

"ಅಪ್ಪ, ಅವತ್ತು ನೀನು ಆರಿಸಿದ ಕುದುರೆ ಎರಡಲ್ಲ, ಐದು. ನಾನು ಸುಳ್ಳು ಹೇಳಿದೆ."

"ಗೊತ್ತೈತಿ," ಎಂದ. "ಗೆದ್ದ ಮ್ಯಾಲ ನಮ್ಮ ಮುಂದ ಕರ್ಕೊಂಡು ಹೋದ್ರಲ್ಲ. ಅದ ಹೆಜ್ಜಿ."

ಹಾಗಾದರೆ ಅಲ್ಲೇ ಯಾಕೆ ಕೇಳಲಿಲ್ಲ, ನೀನು ಗೆದ್ದಿದ್ದೆಯಲ್ಲ ಎಂದೆ. ಅಪ್ಪ ಕಿಟಕಿಯ ಕಡೆ ನೋಡಿದ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ.

"ನೀ ನನಗ ಯಾವತ್ತೂ ಸುಳ್ಳು ಹೇಳಿದಾಕಿ ಅಲ್ಲ. ನನ್ನ ಕಣ್ಣಿನ ಸಲುವಾಗಿ ಎಷ್ಟು ಹೆದರೀದಿ ಅನ್ನಾದು ಅವಾಗ ತಿಳೀತು ನನಗ. ನೀ ಡಾಕ್ಟರ ಮಾತು ಹೇಳಿದಾಗ ತಿಳಿದಿದ್ದಿಲ್ಲ."

ನಾನು ಅತ್ತೆ, ಆಸ್ಪತ್ರೆಯ ವಾರ್ಡು ಎಂಬುದನ್ನೂ ನೋಡದೆ. ಅಪ್ಪ ತನ್ನ ಟವೆಲು ಕೊಟ್ಟ. ನಾನು ಮುಖ ಒರೆಸಿಕೊಂಡು ಮುಗಿಸುವ ತನಕ ಕಾದಿದ್ದು, ಎಡಗಣ್ಣಿಗೂ ತಾರೀಖು ಇವತ್ತೇ ಬರೆಸಿಕೊಂಡು ಬಾ, ಆದಷ್ಟು ಹತ್ತಿರದ್ದು ಕೇಳು ಎಂದ.